ಬೀಗರೇ, ಏನು ಕೊಡಲಿ?

ನಮ್ಮೂರಿನಲ್ಲಿ ಬೀಗರು ಎಂಬ ಮಾತನ್ನು ಹುಷಾರಾಗಿ ಆಡಬೇಕು. ಮದುವೆಯಾಗಿ ಬಂದ ಮೊದಲ ದಿನವೇ ಅತ್ತೆ ನನ್ನನ್ನು ಒಲೆಯ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟದ್ದು ಅಡುಗೆಯನ್ನಲ್ಲ, ಇದನ್ನು. "ನಿಮ್ಮಪ್ಪ ಅಮ್ಮ ಬಂದ್ರೆ ನೆಂಟ್ರು ಬಂದ್ರು ಅನ್ನು, ಸಂಬಂಧಿಕ್ರು ಅನ್ನು. ಬೀಗ್ರು ಅಂತ ಮಾತ್ರ ಬಾಯಿ ತಪ್ಪಿಯೂ ಅನ್ಬೇಡ ತಾಯಿ. ಅದು ಮೂಡಲ ಸೇತುವೆ ದಾಟಿ ಬರೋರಿಗೆ ಮೀಸಲು."

ಮೂಡಲ ಸೇತುವೆ ದಾಟಿ ಬರುವವರು ಸಕ್ಕರೆ ಕಾಯಿಲೆಯಿಂದ ತೀರಿಕೊಂಡವರು. ಹೊಳೆಯ ಮೇಲಿನ ಮಂಜು ಹರಿಯುವ ಹೊತ್ತಿಗೆ ಅವರು ಬರತೊಡಗುತ್ತಾರೆ. ಲೋಕದ ಯಾವ ಮೂಲೆಯವರೋ, ಯಾವ ಭಾಷೆಯವರೋ. ಎಲ್ಲರೂ ದೊಡ್ಡವರು, ಎಲ್ಲರದೂ ಬರಿಗಾಲು. ನಮ್ಮ ಬೀದಿಯ ಸಿಹಿ ಅಂಗಡಿಗಳ ಮುಂದೆ ನಿಂತು, ಬದುಕಿದ್ದಾಗ ಬೇಡ ಬೇಡವೆಂದು ದೂರವಿಟ್ಟ ಸಿಹಿಯೊಂದನ್ನು ಕೇಳಿ, ತಿಂದು, ಸಂಜೆ ಪಡುವಣದ ಹುಣಸೆ ಸಾಲಿನ ದಾರಿ ಹಿಡಿದು ಹೋಗಿಬಿಡುತ್ತಾರೆ. ಮುಂದೆ ಎಲ್ಲಿಗೆ ಎಂದು ನಾವು ಕೇಳುವುದಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ತಿನ್ನಲು ಕೊಡುವುದು ನಮ್ಮ ಕೆಲಸ, ದಾರಿ ಅವರ ಕೆಲಸ.

ಅವರನ್ನು ನೋಡಿದರೆ ಅಳು ಬರುವುದಿಲ್ಲ. ಅದೇ ನಮ್ಮೂರಿನ ಭಾಗ್ಯ, ಅದೇ ನಮ್ಮೂರಿನ ಗ್ರಹಚಾರ. ಕಾಲು ಕತ್ತರಿಸಿಕೊಂಡು ಬದುಕಿದ್ದವರು ಇಲ್ಲಿಗೆ ಬರುವಾಗ ಎರಡೂ ಕಾಲಿನ ಮೇಲೆ ಬರುತ್ತಾರೆ. ದಾರಿಯುದ್ದಕ್ಕೂ ತಮ್ಮ ಪಾದವನ್ನೇ ನೋಡಿಕೊಂಡು, ಬೆರಳು ಆಡಿಸಿಕೊಂಡು, ಮಗು ಹೊಸ ಬೂಟನ್ನು ನೋಡಿದ ಹಾಗೆ ನಗುತ್ತಾ ಬರುತ್ತಾರೆ. ಕಣ್ಣು ಹೋಗಿದ್ದವರು ನಮ್ಮ ಅಂಗಡಿಯ ತಗಡಿನ ಬೋರ್ಡನ್ನು ಅರಮನೆ ನೋಡಿದಂತೆ ನೋಡುತ್ತಾರೆ. ಹೃದಯ ನಿಂತು ಸತ್ತೆವು, ಕಿಡ್ನಿ ಕೈಕೊಟ್ಟು ಸತ್ತೆವು ಎಂದುಕೊಂಡವರೂ ಬರುತ್ತಾರೆ. ಅವರ ಊರಿನ ಕಾಗದಪತ್ರಗಳಲ್ಲಿ ಹಾಗೆಯೇ ಬರೆದಿರುತ್ತದೆಯಂತೆ. ಆದರೆ ದಾರಿಗೆ ನಿಜ ಗೊತ್ತಿರುತ್ತದೆ, ನೇರ ಇಲ್ಲಿಗೇ ತರುತ್ತದೆ. ಔಷಧಿ ಸಿಗದೆ ಬಂದವರು, ಸಿಕ್ಕರೂ ನುಂಗದೆ ಬಂದವರು, ಇಂಥದೊಂದು ಕಾಯಿಲೆ ತಮಗಿತ್ತೆಂದೇ ತಿಳಿಯದೆ ಬಂದವರು. ನಮ್ಮತ್ತೆಯ ಕಾಲದಲ್ಲಿ ಅರ್ಧ ಬೀದಿ ಅಂಗಡಿ ಸಾಕಾಗುತ್ತಿತ್ತಂತೆ. ಈಗ ಬೀದಿ ಹೊಳೆಯಂಚಿನ ತನಕ ಬೆಳೆದಿದೆ, ಆದರೂ ಸಾಲದು. ನಮ್ಮಂಥ ಊರು ಇನ್ನೆಷ್ಟಿವೆಯೋ. ಇಲ್ಲದಿದ್ದರೆ ಲೋಕಕ್ಕೆಲ್ಲ ನಮ್ಮೊಂದು ಬೀದಿ ಯಾವ ಮೂಲೆಗೆ?

ಬಂದವರಿಗೆ ಕೇಳುವ ಮಾತು ಒಂದೇ: "ಬೀಗರೇ, ಏನು ಕೊಡಲಿ?" ಕೇಳಿಸಿಕೊಂಡವರು ಅವರವರ ಭಾಷೆಯಲ್ಲಿ ಹೇಳುತ್ತಾರೆ, ಹೇಗೋ ನಮಗೆ ಅರ್ಥವಾಗುತ್ತದೆ. ಖರ್ಜೂರ ತುಂಬಿದ ಬಿಸ್ಕತ್ತು ಅನ್ನುತ್ತಾರೆ, ತೆಂಗಿನ ಹಾಲಿನ ಅನ್ನದ ಮೇಲೆ ಮಾವಿನ ಹೋಳು ಅನ್ನುತ್ತಾರೆ, ಕೆಂಪಗಾಗುವ ತನಕ ಕುದಿಸಿದ ಹಾಲು ಅನ್ನುತ್ತಾರೆ. ಎಲ್ಲವನ್ನೂ ಮಾಡಲು ಕಲಿತಿದ್ದೇವೆ. ಬೀಗರು ಕೇಳಿದ್ದಕ್ಕೆ ಇಲ್ಲ ಎನ್ನಬಾರದು, ಅದು ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇದೆ: ಆ ಮಾತನ್ನು ಯಾರಿಗೆ ಕೇಳಿದೆವೋ ಅವರು ಸಂಜೆಗೆ ಹುಣಸೆ ಸಾಲು ದಾಟಲೇಬೇಕು. ಒಮ್ಮೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದ ಬಳೆಗಾರನೊಬ್ಬನಿಗೆ, ಜೀವವಿದ್ದವನಿಗೆ, ಯಾರೋ ಗಡಿಬಿಡಿಯಲ್ಲಿ ಹಾಗೆ ಕೇಳಿಬಿಟ್ಟರಂತೆ. ಅವನು ಚಿರೋಟಿ ಕೇಳಿ, ತಿಂದು, ಸಂಜೆ ಜಗಲಿಯಿಂದೆದ್ದು, ಬಳೆ ಕಿಣಿಕಿಣಿ ಅನ್ನಿಸುತ್ತಾ ಪಡುವಣಕ್ಕೆ ನಡೆದನಂತೆ. ಹಿಡಿಯಲು ಹೋದವರ ಕೈಗೆ ಬಳೆಚೂರು ಮಾತ್ರ ಸಿಕ್ಕಿತಂತೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ನಾನು ಮೊದಲೇ ಹೆದರುಪುಕ್ಕಲಿ. ಕಾಲೇಜಿನಲ್ಲಿ ಕನ್ನಡ ಓದಿದವಳು, ಮಾತನ್ನು ಎರಡು ಸಲ ಅಳೆದು ಒಂದು ಸಲ ಆಡುವವಳು. ಇಂಥ ಊರಿಗೇ ಸೊಸೆಯಾಗಿ ಬಂದೆನಲ್ಲ! ಹಾಗಾಗಿ ಬೀಗರಿಗೆ ಕೇಳುವ ಕೆಲಸವನ್ನು ನನ್ನ ಗಂಡ ಸಿದ್ದರಾಜುಗೇ ಬಿಟ್ಟು ನಾನು ಲಟ್ಟಣಿಗೆ ಹಿಡಿದೆ. ಕೈ ಲಟ್ಟಿಸುತ್ತಿದ್ದರೂ ಕಣ್ಣು ಬೀದಿಯಲ್ಲೇ. ಹಾಗೆ ನೋಡುತ್ತಾ ನೋಡುತ್ತಾ ಊರಿನವರು ಕಾಣದ ಒಂದು ಸಂಗತಿ ನನಗೆ ಕಂಡಿತು. ಸಿಹಿ ತಿಂದು ಕೈ ಒರೆಸಿಕೊಂಡ ಮೇಲೆ ಪ್ರತಿಯೊಬ್ಬರೂ ಒಂದು ಗಳಿಗೆ ಹಿಂದಿರುಗಿ ಸೇತುವೆಯ ಕಡೆ ನೋಡುತ್ತಾರೆ. ನಲವತ್ತೂ ಆಗಿರದ ಒಬ್ಬ, ಡ್ರೈವರು ಇರಬೇಕು, ಜಿಲೇಬಿ ಮುಗಿಸಿ ಜೇಬು ತಡವಿ ತಡವಿ ಕೀಲಿಕೈ ಹುಡುಕುತ್ತಿದ್ದ. ಒಬ್ಬ ಹೆಂಗಸು ಸೇತುವೆಯ ಕಡೆ ತಿರುಗಿ ಯಾರನ್ನೋ ಊಟಕ್ಕೆ ಕರೆಯುವಂತೆ ಬಾಯಿ ತೆರೆದು, ಸುಮ್ಮನಾದಳು. ಆಮೇಲೆ ಎಲ್ಲರೂ "ಹೋಗ್ತೀವಿ" ಅನ್ನುತ್ತಾರೆ. ನಾವು ಬದುಕಿರುವವರು ಹಾಗೆ ಅನ್ನುವುದಿಲ್ಲ. ಪಕ್ಕದ ಮನೆಗೆ ಹೊರಟರೂ "ಬರ್ತೀನಿ" ಎಂದೇ ಅನ್ನುತ್ತೇವೆ. ಊರಿನವರು ಇದನ್ನು ಗಮನಿಸುವುದಿಲ್ಲ, ಅಷ್ಟರಲ್ಲಿ ಮುಂದಿನವರಿಗೆ ಬಡಿಸುತ್ತಿರುತ್ತಾರೆ.

ಗಮನಿಸದ ಕಾರಣಕ್ಕೇ ನಮ್ಮೂರಿನವರಿಗೆ ಈ ಕಾಯಿಲೆಯೆಂದರೆ ಭಯವಿಲ್ಲ. ನನ್ನ ಗಂಡನಿಗೆ ಸಕ್ಕರೆ ಇದೆಯೆಂದು ಡಾಕ್ಟರಮ್ಮ ಹೇಳಿ ಮಾತ್ರೆ ಬರೆದುಕೊಟ್ಟಾಗ ಅವರು ಮದುವೆಯ ಕರೆಯೋಲೆ ಬಂದವರಂತೆ ನಕ್ಕರು. "ಇದಕ್ಯಾಕೆ ಮುಖ ಸಣ್ಣ ಮಾಡ್ತೀಯೆ ಇಂದೂ? ಬೇರೆಯೋರು ಸತ್ತು ಅಷ್ಟು ದೂರದಿಂದ ನಡ್ಕೊಂಡು ಬರ್ಬೇಕು. ನಾನು ಮಂಚದಿಂದ ಇಳಿದ್ರೆ ಅಂಗಡಿ. ಸಜ್ಜಪ್ಪ ಕೇಳ್ತೀನಿ, ನೀನೇ ಕರಿದು ಕೊಡು." ಮಾತ್ರೆಯನ್ನು ನಾನು ಕೈಗಿಟ್ಟರೆ ನುಂಗುವರು, ಇಡದಿದ್ದರೆ ಇಲ್ಲ. ತುಪ್ಪದಲ್ಲಿ ಕರಿದ ಸಜ್ಜಪ್ಪದ ತಟ್ಟೆಯನ್ನು ನಾನು ಮೇಲಿನ ಅಟ್ಟಕ್ಕೆ ಏರಿಸಿದ್ದೆ. ಏಣಿಯನ್ನು ನಾನು ಎಲ್ಲಿ ಬಚ್ಚಿಟ್ಟರೂ ಅವರು ಹುಡುಕುತ್ತಿದ್ದರು.

ಎದುರಂಗಡಿಯ ಚೆಲುವಾಜಮ್ಮನದು ಇನ್ನೊಂದು ರಾಗ. ಗಂಡ ತೀರಿಕೊಂಡ ಮೇಲೆ ಮಗ ಧನಂಜಯನನ್ನು ಕಟ್ಟಿಕೊಂಡು ಅಂಗಡಿ ನಡೆಸಿದ ಗಟ್ಟಿ ಹೆಂಗಸು. ಅವರಿಗೂ ಸಕ್ಕರೆ. ಅವರ ಅಂಗಡಿಯಲ್ಲಿ ಎಲ್ಲವೂ ಬೆಲ್ಲದ್ದು. ಬೆಲ್ಲ ತಿಂದರೆ ಏನೂ ಆಗುವುದಿಲ್ಲ ಎಂಬುದು ಅವರ ವೇದವಾಕ್ಯ. ನನ್ನ ಗಂಡ ಒಮ್ಮೆ ಬೀದಿಯಲ್ಲಿ ನಿಂತು, "ಬೆಲ್ಲ ಏನು ಸಕ್ಕರೆಗೆ ದೊಡ್ಡಪ್ಪನ ಮಗನೇ? ಎರಡೂ ಕಬ್ಬಿನ ಹೊಟ್ಟೇಲೇ ಹುಟ್ಟಿದ್ದು" ಅಂದುಬಿಟ್ಟರು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟರೆಂದರೆ ಸುಮ್ಮನಿದ್ದರು ಎಂದಲ್ಲ. ಕಾಗೆಯ ನೆಪದಲ್ಲಿ ಬೈದುಕೊಳ್ಳುತ್ತಿದ್ದರು. "ಥೂ ಕಾಗೆ, ಬಿಳೀ ಸಕ್ಕರೆ ತಿಂದು ತಿಂದು ನಿನ್ನ ಬುದ್ಧಿ ಬೆಳ್ಳಗಾಯ್ತು!" ಎಂದು ಆ ಕಡೆಯಿಂದ. "ಹೋಗು ಕಾಗೆ, ಬೆಲ್ಲದ ಮಡಕೇಲಿ ಮುಖ ತೊಳ್ಕೋ!" ಎಂದು ಈ ಕಡೆಯಿಂದ. ಕಾಗೆಗೆ ಎರಡೂ ಕಡೆ ಚೂರು ಸಿಗುತ್ತಿತ್ತು, ಅದಕ್ಕೆ ಬೇಜಾರಿರಲಿಲ್ಲ.

ಈ ಜಗಳದ ನಡುವೆ ನನ್ನ ಮಗಳು ರೋಹಿಣಿ, ಮನೆಯಲ್ಲಿ ಡಬ್ಬಿ ತುಂಬ ಏಲಕ್ಕಿ ಇದ್ದರೂ ಎದುರಂಗಡಿಗೆ ಏಲಕ್ಕಿ ಸಾಲ ತರಲು ಹೋಗುವುದನ್ನು ನಾನು ಕಂಡಿದ್ದೆ. ಧನಂಜಯ ಅದನ್ನು ಎಣಿಸಿ ಎಣಿಸಿ ಅವಳ ಅಂಗೈಗೆ ಹಾಕುವಷ್ಟರಲ್ಲಿ ಒಲೆಯ ಮೇಲಿನ ಪಾಕ ಗಟ್ಟಿಯಾಗುತ್ತಿತ್ತು. ಒಂದು ದಿನ ಅವಳೇ ಬಾಯಿಬಿಟ್ಟಳು. ಧನಂಜಯನೂ ಅವರಮ್ಮನಿಗೆ ಹೇಳಿದ. ಚೆಲುವಾಜಮ್ಮ, "ಬಿಳೀ ಸಕ್ಕರೆ ಮನೆ ಹುಡುಗಿ ನನ್ನ ಹೊಸಲು ತುಳಿಯೋದುಂಟೆ?" ಅಂದರು. ನನ್ನ ಗಂಡ, "ಆ ಬೆಲ್ಲದ ಗಾಣಕ್ಕೆ ನನ್ನ ಮಗಳನ್ನ ಕೊಡ್ಲಾ?" ಅಂದರು. ಅಲ್ಲಿಗೆ ನಿಂತಿತು.

ಆ ಬೆಳಗ್ಗೆ ಬೀಗರ ಸಾಲು ಸೇತುವೆಯ ತನಕ ಇತ್ತು. ನನ್ನ ಗಂಡ ಹಿತ್ತಲಿನಲ್ಲಿ ಸೌದೆ ಆರಿಸುತ್ತಿದ್ದಾಗ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡನ್ನೂ ಅಲ್ಲೇ ಬಿಸಾಕಿ, ಬರಿಗಾಲಲ್ಲಿ ಓಣಿ ಸುತ್ತಿಕೊಂಡು ಬೀದಿಗೆ ಬಂದರು. ಬಂದವರು ಎದುರಂಗಡಿಯ ಮುಂದೆ ನಿಂತುಬಿಟ್ಟರು. ಒಂದು ಕಾಲನ್ನು ಕೊಂಚ ಎತ್ತಿ ತಮ್ಮ ಪಾದವನ್ನೇ ನೋಡುತ್ತಿದ್ದರು. ಮುಖದಲ್ಲಿ ಬೆರಗಿನ ನಗು. ನಾನು ಲಟ್ಟಣಿಗೆ ಹಿಡಿದವಳು ಇತ್ತ ಕಡೆಯಿಂದ ನೋಡಿದೆ. ಅವರು ಬಂದ ದಾರಿಯುದ್ದಕ್ಕೂ ಕೆಂಪು ಹೆಜ್ಜೆ. ಅಂಗಾಲಿನಲ್ಲಿ ಬೆರಳುದ್ದದ ಗಾಜಿನ ಚೂರು ನೆಟ್ಟಿತ್ತು. ಅದು ನೆಟ್ಟಿದ್ದಕ್ಕಲ್ಲ, ಅದು ನೋಯದೆ ಇದ್ದುದಕ್ಕೆ ಅವರು ಬೆರಗಾಗಿದ್ದರು.

ಕೂಗಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಚೆಲುವಾಜಮ್ಮ ಸೌಟು ಹಿಡಿದು ಹೊರಗೆ ಬಾಗಿದರು. ಅವರಿಗೆ ಕಂಡದ್ದು ಬಿಳಿ ಪಂಚೆ, ಬರಿಗಾಲು, ಪಾದ ನೋಡಿಕೊಂಡು ನಗುತ್ತಿರುವ ಒಬ್ಬ ಗಂಡಸು. ತುಂಬು ಮರ್ಯಾದೆಯಿಂದ ಕೇಳಿದರು:

"ಬೀಗರೇ, ಏನು ಕೊಡಲಿ?"

ನನ್ನ ಗಂಡ ತಲೆಯೆತ್ತಿದರು. ಆ ಮುಖವನ್ನು ನಾನು ಮರೆಯಲಾರೆ. ಇಷ್ಟು ವರ್ಷ ನಾನು ನೋಡಿದ ಬೀಗರೆಲ್ಲರ ಮುಖದ ಹಗುರ ಅದರಲ್ಲಿ ಬಂದುಬಿಟ್ಟಿತ್ತು. ಮೈ ಆಗಲೇ ಪಡುವಣಕ್ಕೆ ಒಂದಿಷ್ಟು ತಿರುಗಿತ್ತು. ತುಟಿ ಬಿಚ್ಚಿದರು. "ಸ..." ಎಂದರು.

ಸಜ್ಜಪ್ಪ ಎನ್ನುವ ಪದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟರೊಳಗೆ ನಾನು ಹಲಗೆ ಹಾರಿ, ಹಿಟ್ಟಿನ ಕೈಯಲ್ಲೇ ಅವರ ಬಾಯಿ ಮುಚ್ಚಿದ್ದೆ. ಬಾಯಿ ಮುಚ್ಚಿದ್ದೇನೋ ಸರಿ, ಕೇಳಿದ ಮಾತು ಮಾತ್ರ ಗಾಳಿಯಲ್ಲಿ ನಿಂತಿತ್ತು. ಅದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಸುತ್ತಲಿನ ಅಂಗಡಿಯವರು ಕೆಲಸ ಬಿಟ್ಟು ನಿಂತರು. ಯಾರೋ "ಬಳೆಗಾರ" ಎಂದರು. ಆದರೆ ಮಾತನ್ನು ಅಳೆದು ಅಳೆದು ಆಡಿದವಳ ತಲೆ ಹಾಗೆ ಹೆದರಿದಾಗಲೂ ಅಳೆಯುತ್ತಲೇ ಇರುತ್ತದೆ. ಬೀಗರೇ. ಆ ಕೊನೆಯ 'ಏ' ಎಂಥದ್ದು? ಕೂಗುವ ಏ ಒಂದು ಇದೆ, ಒತ್ತಿ ಹೇಳುವ ಏ ಒಂದು ಇದೆ. ಮಗುವೇ ಬಾ ಎಂದರೆ ಕೂಗಿದ್ದು. ನನ್ನ ಮಗುವೇ, ಬೇರೆ ಯಾರದೂ ಅಲ್ಲ ಎಂದರೆ ಒತ್ತಿ ಹೇಳಿದ್ದು.

"ಹೌದು ಚೆಲುವಾಜಮ್ಮ," ಎಂದೆ. "ಸರಿಯಾಗೇ ಹೇಳಿದ್ರಿ. ಇವರು ನಿಮ್ಮ ಬೀಗರೇ. ಇನ್ಯಾರು ಮತ್ತೆ? ಏನು ಕೊಡಲಿ ಅಂತ ಕೇಳಿದ್ರಲ್ಲ, ನಿಮ್ಮ ಮಗನ್ನ ಕೊಡಿ. ನಮ್ಮ ರೋಹಿಣಿಗೆ."

ನಮ್ಮಂಗಡಿಯೊಳಗೆ ರೋಹಿಣಿಯ ಕೈಯಿಂದ ಜಾಲರಿ ಬಿತ್ತು. ಚೆಲುವಾಜಮ್ಮ ನನ್ನ ಧ್ವನಿಯ ಕಡೆ ಮುಖ ತಿರುಗಿಸಿ ಕಣ್ಣು ಕಿರಿದು ಮಾಡಿದರು.

"ಯಾರು, ಇಂದುಮತಿಯಾ? ಹಂಗಾದ್ರೆ ಇದು... ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ, ಸಿದ್ದರಾಜನಾ?"

"ಏನು ಕೊಡಲಿ ಅಂದ್ರಿ. ಕೇಳಿದೀವಿ," ಎಂದೆ.

"ಅದು ಹಂಗಲ್ಲ ಕಣೇ, ನಾನು ಕೇಳಿದ್ದು..."

"ಬೀಗರು ಕೇಳಿದ್ದಕ್ಕೆ ಇಲ್ಲ ಅನ್ನಬಾರದು, ಅಮ್ಮಾ." ಇದನ್ನು ಹೇಳಿದವನು ಧನಂಜಯ. ಮೊಣಕೈ ತನಕ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಮುಖವನ್ನು ಗಂಭೀರವಾಗಿ ಇಟ್ಟುಕೊಳ್ಳಲು ಬಹಳ ಕಷ್ಟಪಡುತ್ತಿದ್ದ.

ಚೆಲುವಾಜಮ್ಮ ಮಗನ ಕಡೆ ನೋಡಿದರು, ನಮ್ಮ ಕಡೆ ನೋಡಿದರು, ಕೊನೆಗೆ ಬೇಲಿಯ ಮೇಲಿನ ಕಾಗೆಯ ಕಡೆ ನೋಡಿದರು. "ನೋಡ್ದೇನೋ ಕಾಗೆ," ಅಂದರು, "ಓದಿದ ಹೆಂಗಸಿನ ಎದುರಂಗಡಿ ಇಡಬಾರದು. ಪಾಕಕ್ಕೆ ಬಿದ್ದ ಇರುವೆ ಮಾಡಿಬಿಟ್ಲು ನನ್ನ." ಸೌಟನ್ನು ನೆಲಕ್ಕೆ ಊರಿ ನೆಟ್ಟಗೆ ನಿಂತರು. "ಕೊಟ್ಟೆ. ತಗೊಳ್ರಿ. ಕೊಟ್ಟೆ ಅಂದ್ರೆ ಕೊಟ್ಟೆ."

ನನ್ನ ಗಂಡ ನನ್ನ ಕೈಯನ್ನು ಬಾಯಿಂದ ಸರಿಸಿದರು. "ಹಿಟ್ಟು ಸಪ್ಪಗಿದೆಯಲ್ಲೇ," ಎಂದರು. ಆಮೇಲೆ, "ನಾನು ಇಲ್ಲೇಕೆ ನಿಂತಿದೀನಿ?"

ಗೆದ್ದೆ ಎಂದು ನಾನು ಅಂದುಕೊಳ್ಳಲಿಲ್ಲ. ಕಟ್ಟಳೆ ನನ್ನ ವ್ಯಾಕರಣವನ್ನು ಒಪ್ಪಿತೋ ಇಲ್ಲವೋ ಎಂಬುದು ಸಂಜೆಯ ತನಕ ಗೊತ್ತಾಗುವಂತಿರಲಿಲ್ಲ. ವ್ಯಾಕರಣ ಕಾಪಾಡಿದರೂ ಕಾಲಿನ ಗಾಜು ಬಿಡಬೇಕಲ್ಲ. ಆಟೋ ಕರೆಸಿ ಅವರನ್ನು ಹತ್ತಿಸಿದೆ. ಹತ್ತಿಸಿ ತಿರುಗಿ ನೋಡಿದರೆ ಚೆಲುವಾಜಮ್ಮ ಮಗನ ಹೆಗಲು ಹಿಡಿದು ಮೆಟ್ಟಿಲನ್ನು ಕಾಲಲ್ಲಿ ತಡವುತ್ತಿದ್ದರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. "ಯುಗಾದಿಯಿಂದ ಕಣ್ಮುಂದೆ ಜೇಡರ ಬಲೆ ಕಣೇ. ಹೊಗೆ ಇರ್ಬೇಕು ಅಂದ್ಕೊಂಡೆ. ಬೆಲ್ಲ ತಿನ್ನೋರಿಗೆ ಕಣ್ಣು ಹೋಗಲ್ಲ ಅಂತ ಹೇಳ್ಕೊಂಡು ತಿರುಗಿದವಳು ಯಾರ ಹತ್ರ ಹೇಳ್ಲಿ?" ಅವರನ್ನೂ ಹತ್ತಿಸಿಕೊಂಡೆ.

ದಾರಿಯುದ್ದಕ್ಕೂ ಇಬ್ಬರೂ ಒಬ್ಬರ ಪಕ್ಕ ಒಬ್ಬರು ಕೂತು ಬೆಲ್ಲ ಸಕ್ಕರೆ ಎಂದು ಕಿತ್ತಾಡಿದರು. ನಡುವೆ ಕಾಗೆ ಇರಲಿಲ್ಲ, ನೇರವಾಗಿಯೇ ಬೈದುಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಾಜು ತೆಗೆದು, ಗಾಯ ತೊಳೆದು, ನನ್ನ ಗಂಡನ ಪಾದವನ್ನು ಅಲ್ಲಲ್ಲಿ ಚುಚ್ಚಿ ನೋವಾಯಿತೇ ಎಂದು ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದು ಇವರು ಬಹುಮಾನ ಬಂದವರಂತೆ ಹೇಳುತ್ತಿದ್ದರು. "ಇದು ಖುಷಿ ಪಡೋ ವಿಷಯ ಅಲ್ಲ ಸಿದ್ದರಾಜಣ್ಣ. ಕಾಲು ನಿಮ್ಮ ಜೊತೆ ಮಾತು ಬಿಟ್ಟಿದೆ. ಇನ್ನೊಂದು ವಾರ ತಡವಾಗಿದ್ರೆ ಕಾಲನ್ನೇ ಬಿಡಬೇಕಾಗ್ತಿತ್ತು," ಎಂದರು ಡಾಕ್ಟರಮ್ಮ. ಇವರ ನಗು ಇಳಿದದ್ದನ್ನು ನಾನು ಮೊದಲ ಸಲ ನೋಡಿದೆ. ಚೆಲುವಾಜಮ್ಮನ ಕಣ್ಣಿನೊಳಕ್ಕೆ ಬೆಳಕು ಬಿಟ್ಟು ನೋಡಿ, ಪಟ್ಟಣದ ಕಣ್ಣಾಸ್ಪತ್ರೆಗೆ ಈ ವಾರವೇ ಹೋಗಬೇಕು, ಉಳಿದಷ್ಟನ್ನು ಉಳಿಸಿಕೊಳ್ಳಬಹುದು ಎಂದರು. ಕೊನೆಗೆ ಇಬ್ಬರೂ ಒಟ್ಟಿಗೆ ಬಾಯಿಬಿಟ್ಟು ಕೇಳಿದರು, "ಬೆಲ್ಲವೋ ಸಕ್ಕರೆಯೋ, ಹೇಳಿಬಿಡಿ." ಡಾಕ್ಟರಮ್ಮ, "ರಕ್ತಕ್ಕೆ ಎರಡೂ ಒಂದೇ," ಅಂದರು. ಇಬ್ಬರೂ ಸೋತಿದ್ದರಿಂದ ಇಬ್ಬರಿಗೂ ಸಮಾಧಾನವಾಯಿತು.

ಸಂಜೆ ನನ್ನ ಗಂಡನನ್ನು ಜಗಲಿಯ ಮೇಲೆ ಕೂರಿಸಿ, ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು, ನಾನು ಪಕ್ಕದಲ್ಲಿ ಕೂತೆ. ಬೀದಿಯವರೆಲ್ಲ ಏನೇನೋ ನೆಪ ಮಾಡಿಕೊಂಡು ಸುತ್ತ ನಿಂತಿದ್ದರು. ಹುಣಸೆ ಸಾಲಿನ ಮೇಲೆ ಹೊಂಬಿಸಿಲು ಬಿದ್ದಿತು. ಬೀಗರು ಒಬ್ಬೊಬ್ಬರಾಗಿ ಎದ್ದು, ಸೇತುವೆಯ ಕಡೆ ಒಮ್ಮೆ ತಿರುಗಿ ನೋಡಿ, ಹೋಗ್ತೀವಿ ಎಂದು ಹೊರಟರು. ನನ್ನ ಗಂಡ ಅವರನ್ನೇ ನೋಡುತ್ತಿದ್ದರು. "ಅವರೆಲ್ಲ ಯಾಕೆ ಹಿಂದಕ್ಕೆ ತಿರುಗಿ ನೋಡ್ತಾರೆ ಇಂದೂ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. ನಾನು ಅವರ ಕಾಲಡಿಯ ದಿಂಬನ್ನು ಸರಿಮಾಡಿದೆ. ಕೊನೆಯ ಬೀಗರು ಹುಣಸೆ ಮರಗಳ ನೆರಳು ಹೊಕ್ಕರು. ಆಗ ನನ್ನ ಗಂಡ ಗೋಡೆ ಹಿಡಿದು ಎದ್ದು ನಿಂತರು.

ನಾನು ಅವರ ಪಂಚೆಯ ಅಂಚನ್ನು ಹಿಡಿದೆ. ಎದುರುಗಡೆ ಚೆಲುವಾಜಮ್ಮ ದೇವರ ಹೆಸರು ಹೇಳಿದ್ದು ಕೇಳಿಸಿತು. ನನ್ನ ಗಂಡ ಪಡುವಣಕ್ಕೆ ನೋಡಿದರು. ಮೂಡಣಕ್ಕೆ ನೋಡಿದರು. ಆಮೇಲೆ ಮನೆಯೊಳಗೆ ಕತ್ತು ಹಾಕಿ, "ರೋಹಿಣೀ, ಈ ಮನೇಲಿ ಸಂಜೆ ಕಾಫಿ ಅನ್ನೋದು ನಿಂತೇ ಹೋಯ್ತಾ?" ಎಂದು ಕೂಗಿದರು. ಒಂದು ಕ್ಷಣ ತಡೆದು, "ಸಕ್ಕರೆ ಹಾಕಬೇಡ," ಎಂದರು.

ಆ ಸಂಜೆ ಬೀದಿಯಲ್ಲಿ ಎದ್ದ ನಗೆಗೆ ಕಾಗೆಗಳೆಲ್ಲ ಹಾರಿಹೋದವು.

ಮದುವೆಯನ್ನು ಗಾಯ ಮಾಯುವ ತನಕ ತಡೆದೆವು. ಆ ದಿನಗಳಲ್ಲಿ ಚೆಲುವಾಜಮ್ಮ ಪಟ್ಟಣಕ್ಕೆ ಹೋಗಿ ಬಂದರು. ದಪ್ಪ ಕನ್ನಡಕ ಬಂತು, ಒಂದು ಕಣ್ಣು ಪೂರ್ತಿ ಉಳಿಯಿತು, ಇನ್ನೊಂದು ಅರ್ಧ. ಡಾಕ್ಟರಮ್ಮ ವಾರಕ್ಕೊಮ್ಮೆ ನಮ್ಮ ಬೀದಿಯಲ್ಲೇ ಮೇಜು ಹಾಕಿಕೊಂಡು ಕೂರತೊಡಗಿದರು. ಬೆರಳು ಚುಚ್ಚಿಸಿಕೊಳ್ಳಲು ಮೊದಮೊದಲು ಯಾರೂ ಬರಲಿಲ್ಲ. ನನ್ನ ಗಂಡ ಹೋಗಿ ಪಾದ ಎತ್ತಿ ತೋರಿಸಿ, "ನೋವಾದ್ರೆ ಪುಣ್ಯವಂತ್ರು ಕಣ್ರೋ, ಬನ್ನಿ," ಎಂದು ಕೂಗಿದ ಮೇಲೆ ಸಾಲು ನಿಂತಿತು. ಸೇತುವೆಯ ಕಡೆಯ ಸಾಲೇನೂ ಕಡಿಮೆಯಾಗಲಿಲ್ಲ; ಲೋಕ ದೊಡ್ಡದು, ನಮ್ಮ ಡಾಕ್ಟರಮ್ಮ ಒಬ್ಬರೇ. ಆದರೆ ನಮ್ಮೂರಿನವರು ಈಗ ಬೀಗರಿಗೆ ಸಿಹಿ ಕೊಟ್ಟು ತಕ್ಷಣ ಮುಂದಿನವರ ಕಡೆ ತಿರುಗುವುದಿಲ್ಲ. ಅವರು ಹಿಂದಿರುಗಿ ನೋಡುವಾಗ ಪಕ್ಕದಲ್ಲಿ ನಿಂತಿರುತ್ತಾರೆ.

ಮದುವೆಯ ಮಾರನೆಯ ದಿನದ ಊಟಕ್ಕೆ ಬೇರೆ ಊರುಗಳಲ್ಲಿ ಬೀಗರ ಊಟ ಅನ್ನುತ್ತಾರೆ. ನಮ್ಮಲ್ಲಿ ಆ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚೆಲುವಾಜಮ್ಮ ಧೈರ್ಯ ಮಾಡಿದರು. ಚಪ್ಪರದ ಕೆಳಗೆ ಎಲೆ ಹಾಕಿಸಿ, ಮುದ್ದೆ, ಸಾರು, ಪಲ್ಯಗಳನ್ನು ತಾವೇ ನಿಂತು ಬಡಿಸಿದರು. ಆ ಹೊತ್ತಿನಲ್ಲಿ ಸೇತುವೆ ದಾಟಿ ಬಂದವರನ್ನೂ ಕರೆದು ಸಾಲಿನಲ್ಲೇ ಕೂರಿಸಿದರು. ನನ್ನ ಗಂಡನ ಪಕ್ಕದಲ್ಲಿ ಯಾವುದೋ ದ್ವೀಪದ ಎತ್ತರದ ಹೆಂಗಸೊಬ್ಬಳು ಕೂತು, ವಾಪಸು ಬಂದ ಎಡಗಾಲಿನಿಂದ ಚಾಪೆಯ ಮೇಲೆ ತಾಳ ಹಾಕುತ್ತಿದ್ದಳು. ನನ್ನ ಗಂಡನ ಕಾಲಲ್ಲಿ ಮಾತ್ರ, ಪಂಕ್ತಿಯಲ್ಲೂ ಬಿಚ್ಚಕೂಡದೆಂದು ನಾನು ಹಟ ಹಿಡಿದದ್ದಕ್ಕೆ, ಮೆತ್ತನೆಯ ಹೊಸ ಚಪ್ಪಲಿ.

ಕೊನೆಗೆ ಚೆಲುವಾಜಮ್ಮ ಒಂದು ತಟ್ಟೆ ಹಿಡಿದು ಬಂದರು. ಅದರಲ್ಲಿ ಸಜ್ಜಪ್ಪ, ತುಪ್ಪ ಒಸರುತ್ತಿತ್ತು. ನನ್ನ ಗಂಡನ ಎದುರು ನಿಂತು, ಕನ್ನಡಕ ಸರಿಮಾಡಿಕೊಂಡು, ಇವರ ಮುಖವನ್ನು ಚೆನ್ನಾಗಿ ನೋಡಿಯೇ ಕೇಳಿದರು.

"ಬೀಗರೇ, ಏನು ಕೊಡಲಿ?"

ಪಂಕ್ತಿಯಲ್ಲಿ ಕೈಗಳೆಲ್ಲ ನಿಂತವು. ಆ 'ಏ' ಯಾವುದೆಂದು ನಾನೂ ಹೇಳಲಾರೆ. ನನ್ನ ಗಂಡ ಸಜ್ಜಪ್ಪವನ್ನು ನೋಡಿದರು. ತಮ್ಮ ಚಪ್ಪಲಿಯನ್ನು ನೋಡಿದರು. ಚಪ್ಪರದ ಆಚೆ ಧನಂಜಯನ ಬೆರಳಿನಿಂದ ಏಲಕ್ಕಿ ಕಿತ್ತುಕೊಳ್ಳುತ್ತಿದ್ದ ಮಗಳನ್ನು ನೋಡಿದರು.

"ಈಗ ಬೇಡ ಬೀಗಿತ್ತೀ," ಎಂದರು. "ನನ್ನ ಪಾಲಿಂದು ಇವರಿಗೆ ಹಾಕಿ, ಬಹಳ ದೂರದಿಂದ ಬಂದವ್ರೆ. ನನಗೆ ಒಂಚೂರು ಉಪ್ಪಿನಕಾಯಿ ಸಾಕು. ಸಜ್ಜಪ್ಪಕ್ಕೆ ಆಮೇಲೆ ಬರ್ತೀನಿ."

ದ್ವೀಪದ ಹೆಂಗಸು ತನ್ನ ಪಾಲಿನದನ್ನೂ ಇವರ ಪಾಲಿನದನ್ನೂ ತಿಂದು ಬೆರಳು ನೆಕ್ಕಿದಳು. ಚೆಲುವಾಜಮ್ಮ ಉಪ್ಪಿನಕಾಯಿ ತರಲು ಒಳಗೆ ಓಡಿದರು. ಆಮೇಲೆ ಅಂದರೆ ಯಾವಾಗ ಎಂದು ನಾನು ಕೇಳಲಿಲ್ಲ. ಅದು ಬಹಳ ಜಾಗವಿರುವ ಪದ, ಅದನ್ನು ಹಾಗೆಯೇ ಬಿಟ್ಟೆ.